ಕಾಲು ಒಂದು, ಕಸುಬು ಹಲವು

ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿ 2011ರಲ್ಲಿ ಹೊರತಂದ ಎಸ್‌ಟಿಎಂ32ಎಫ್4 ಡಿಸ್ಕವರಿ ಬೋರ್ಡಿನ ಮೇಲೆ ಪ್ರೋಗ್ರಾಂ ಬರೆಯುವವರಿಗೆಂದು ನಾಲ್ಕು ಪುಟ್ಟ ಎಲ್‌ಇಡಿ ದೀಪಗಳಿವೆ. ಹಸಿರು, ಕಿತ್ತಳೆ, ಕೆಂಪು, ನೀಲಿ. ಹಸಿರು ದೀಪದಿಂದ ಹೊರಟ ತಾಮ್ರದ ಗೆರೆ ಹೋಗಿ ಸೇರುವುದು ನಡುವಿನ ಕಪ್ಪು ಚಿಪ್‌ನ ನೂರು ಕಾಲುಗಳಲ್ಲಿ ಒಂದನ್ನು. ಅದರ ಹೆಸರು ಪಿಡಿ12. ಬೋರ್ಡನ್ನು ಮೊದಲ ಸಲ ಕೈಗೆತ್ತಿಕೊಂಡವರ ಪಾಲಿಗೆ ಪಿಡಿ12 ಎಂದರೆ ಹಸಿರು ದೀಪ, ಅಷ್ಟೇ. ಚಿಪ್‌ನ ಡೇಟಾಶೀಟ್ ತೆರೆದು ಆ ಕಾಲಿನ ಸಾಲನ್ನು ಓದಿದರೆ ಮಾತು ಬೇರೆ. ಅದು ಟೈಮರ್ 4ರ ಮೊದಲ ಚಾನೆಲ್ ಆಗಬಲ್ಲದು. ಯುಸಾರ್ಟ್ 3 ಎಂಬ ಸೀರಿಯಲ್ ಪೋರ್ಟಿನ ಆರ್‌ಟಿಎಸ್ ಗೆರೆಯಾಗಬಲ್ಲದು. ಹೊರಗೆ ದೊಡ್ಡ ಮೆಮೊರಿ ಜೋಡಿಸಿದರೆ ಅದರ ಎ17 ಎಂಬ ವಿಳಾಸದ ಗೆರೆಯೂ ಆಗಬಲ್ಲದು. ಇದಾವುದೂ ಬೇಡವೆಂದರೆ ಪ್ರೋಗ್ರಾಂ ಹೇಳಿದಾಗ ಏರಿ ಇಳಿಯುವ ಸಾಮಾನ್ಯ ಪಿನ್.

ಈ ನಾಲ್ಕರಲ್ಲಿ ಯಾವುದು ಎಂಬುದನ್ನು ಕಾರ್ಖಾನೆ ತೀರ್ಮಾನಿಸಿಲ್ಲ. ಬೋರ್ಡಿನ ತಾಮ್ರವೂ ತೀರ್ಮಾನಿಸಿಲ್ಲ. ವಿದ್ಯುತ್ ಬಂದ ಮೇಲೆ, ಪ್ರೋಗ್ರಾಂನ ಮೊದಲ ಕೆಲವು ಸಾಲುಗಳು ತೀರ್ಮಾನಿಸುತ್ತವೆ.

ಹೀಗೇಕೆ ಎಂದು ಕೇಳಿದರೆ ಉತ್ತರ ಚಿಪ್‌ನ ಅಂಚಿನಲ್ಲಿದೆ. ಎಸ್‌ಟಿಎಂ32ಎಫ್407 ಎಂಬ ಆ ಚಿಪ್‌ನ ಒಳಗೆ 14 ಟೈಮರ್‌ಗಳು, ಆರು ಸೀರಿಯಲ್ ಪೋರ್ಟ್‌ಗಳು, ಮೂರು ಎಸ್‌ಪಿಐ, ಮೂರು ಐ2ಸಿ, ಎರಡು ಕ್ಯಾನ್, ಎರಡು ಯುಎಸ್‌ಬಿ ಘಟಕಗಳಿವೆ. ಈಥರ್‌ನೆಟ್ ಇದೆ, ಎಸ್‌ಡಿ ಕಾರ್ಡಿನ ಜೋಡಣೆ ಇದೆ, 14 ದತ್ತಾಂಶ ಗೆರೆಗಳವರೆಗೆ ಕೇಳುವ ಕ್ಯಾಮೆರಾ ಜೋಡಣೆಯೂ ಇದೆ. ಡಿಸ್ಕವರಿ ಬೋರ್ಡಿನಲ್ಲಿರುವ ಈ ಚಿಪ್‌ನ ಮೈ 14 ಮಿಲಿಮೀಟರ್ ಚೌಕ; ಒಂದೊಂದು ಬದಿಗೆ 25 ಕಾಲು, ಕಾಲಿನಿಂದ ಕಾಲಿಗೆ ಅರ್ಧ ಮಿಲಿಮೀಟರ್. ನೂರರಲ್ಲಿ 82 ಮಾತ್ರ ಹೊರಜಗತ್ತಿನ ಜೊತೆ ಮಾತಾಡಲು ಸಿಗುತ್ತವೆ, ಉಳಿದವು ವಿದ್ಯುತ್ತು, ಗ್ರೌಂಡ್, ರೀಸೆಟ್ ಮುಂತಾದವಕ್ಕೆ ಮೀಸಲು. ಒಳಗಿನ ಪ್ರತಿ ಘಟಕಕ್ಕೂ ಅದರದ್ದೇ ಕಾಲು ಕೊಡಲು ಹೊರಟರೆ ಈ 82 ಸಾಲುವುದಿಲ್ಲ. ಅದೇ ಚಿಪ್‌ನ 176 ಕಾಲಿನ ಆವೃತ್ತಿ ಬಂದರೂ ಸಿಗುವುದು 140.

ಸಿಲಿಕಾನ್‌ನ ಮೇಲೆ ಟ್ರಾನ್ಸಿಸ್ಟರ್ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಅಗ್ಗವಾಗುತ್ತ ಬಂತು. ಕಾಲು ಹಾಗೆ ಕಿರಿದಾಗಲಿಲ್ಲ. ಅದನ್ನು ಬೆಸುಗೆ ಹಾಕಬೇಕು, ಪರೀಕ್ಷಿಸಬೇಕು, ಬೋರ್ಡಿನ ಮೇಲೆ ಅದಕ್ಕೊಂದು ದಾರಿ ಬಿಡಬೇಕು. ಮನುಷ್ಯರು ಮತ್ತು ಯಂತ್ರಗಳು ಮುಟ್ಟುವ ಅಳತೆಯಲ್ಲೇ ಅದು ಇರಬೇಕು. ಆದ್ದರಿಂದ ಒಳಗೆ ಸಮೃದ್ಧಿ, ಅಂಚಿನಲ್ಲಿ ಬರ. ಮೈಕ್ರೋಪ್ರೊಸೆಸರ್‌ನ ಚರಿತ್ರೆಯ ಉದ್ದಕ್ಕೂ ಈ ಬರ ಕಾಡಿದೆ.

1971ರ ಇಂಟೆಲ್ 4004ಕ್ಕೆ ಇದ್ದದ್ದು 16 ಕಾಲು. ಅದು 12 ಬಿಟ್‌ನ ವಿಳಾಸ ಕಳಿಸಬೇಕಿತ್ತು, 8 ಬಿಟ್‌ನ ಆದೇಶ ತರಿಸಿಕೊಳ್ಳಬೇಕಿತ್ತು. ಇದಕ್ಕೆಲ್ಲ ಸೇರಿ ಸಿಕ್ಕ ಗೆರೆಗಳು ನಾಲ್ಕೇ. ವಿಳಾಸ ಮೂರು ಕಂತಿನಲ್ಲಿ ಹೊರಗೆ ಹೋಗುತ್ತಿತ್ತು, ಆದೇಶ ಎರಡು ಕಂತಿನಲ್ಲಿ ಒಳಗೆ ಬರುತ್ತಿತ್ತು. ಗೆರೆಗಳು ಅವೇ, ಕ್ಲಾಕ್‌ನ ಬಡಿತ ಬದಲಾದಂತೆ ಅವುಗಳ ಅರ್ಥ ಬದಲಾಗುತ್ತಿತ್ತು. 1978ರ 8086 ಇನ್ನೊಂದು ದಾರಿ ಹಿಡಿಯಿತು. ಅದರ 33ನೇ ಕಾಲನ್ನು 5 ವೋಲ್ಟಿಗೆ ಕಟ್ಟಿದರೆ 24ರಿಂದ 31ರವರೆಗಿನ ಎಂಟು ಕಾಲುಗಳಿಗೆ ಒಂದು ಅರ್ಥ, ಗ್ರೌಂಡ್‌ಗೆ ಕಟ್ಟಿದರೆ ಮತ್ತೊಂದು. ತೀರ್ಮಾನ ಬೆಸುಗೆಯಲ್ಲಿತ್ತು, ಬೋರ್ಡ್ ತಯಾರಾದ ಮೇಲೆ ಬದಲಾಗುವಂತಿರಲಿಲ್ಲ.

1980ರಲ್ಲಿ ಬಂದ 8051 ಕರ್ನಾಟಕದ ಎಂಜಿನಿಯರಿಂಗ್ ಓದಿದವರಿಗೆ ಮನೆಯ ಹೆಸರಿನಷ್ಟೇ ಪರಿಚಿತ. ಎಲೆಕ್ಟ್ರಾನಿಕ್ಸ್ ವಿಭಾಗದ ಪ್ರಯೋಗಾಲಯಗಳಲ್ಲಿ ಅದರ ನೀಲಿ, ಹಸಿರು ಕಿಟ್‌ಗಳು ದಶಕಗಳ ಕಾಲ ಬೆಂಚುಗಳ ಮೇಲಿದ್ದವು. ಅದರ ಮೂರನೇ ಪೋರ್ಟಿನ ಎಂಟೂ ಕಾಲುಗಳಿಗೆ ಎರಡನೇ ಕೆಲಸವಿದೆ: ಪಿ3.0 ಸೀರಿಯಲ್ ದತ್ತಾಂಶ ಪಡೆಯುತ್ತದೆ, ಪಿ3.1 ಕಳಿಸುತ್ತದೆ, ಪಿ3.2 ಮತ್ತು ಪಿ3.3 ಇಂಟರಪ್ಟ್‌ಗಳು, ಆಮೇಲಿನ ಎರಡು ಟೈಮರ್‌ಗಳ ಬಾಗಿಲು, ಕೊನೆಯ ಎರಡು ಹೊರಗಿನ ಮೆಮೊರಿಗೆ ಬರೆ ಮತ್ತು ಓದು ಎನ್ನುವ ಸಂಕೇತಗಳು. ವೈವಾದಲ್ಲಿ ಈ ಪಟ್ಟಿಯನ್ನು ಒಪ್ಪಿಸದೆ ಪಾರಾದವರು ಕಡಿಮೆ. ಪಟ್ಟಿಗಿಂತ ಮುಖ್ಯವಾದ ಒಂದು ಸಂಗತಿ ಮಾತ್ರ ಎಷ್ಟೋ ಸಲ ಬಾಯಿಪಾಠದಲ್ಲಿ ಕಳೆದುಹೋಗುತ್ತದೆ. ಪೋರ್ಟ್ 3ರ ಕಾಲು ತನ್ನ ಎರಡನೇ ಕೆಲಸ ಮಾಡಬೇಕಾದರೆ ಅದರ ಲ್ಯಾಚ್‌ನಲ್ಲಿ 1 ಇರಬೇಕು. ಲ್ಯಾಚ್‌ನ ಬೆಲೆ ಮತ್ತು ಸೀರಿಯಲ್ ಘಟಕದ ಬೆಲೆ ಒಂದು ಗೇಟಿನಲ್ಲಿ ಸೇರಿ ಹೊರಬರುತ್ತವೆ. ಎರಡೂ 1 ಆದರೆ ಮಾತ್ರ ಕಾಲು ಮೇಲಿರುತ್ತದೆ. ಪಿ3.1ಕ್ಕೆ ಎಲ್ಲೋ ಒಂದು ಸಾಲಿನಲ್ಲಿ 0 ಬರೆದುಬಿಟ್ಟರೆ ಸೀರಿಯಲ್ ಘಟಕ ಒಳಗೆ ಎಷ್ಟೇ ಅಕ್ಷರ ಕಳಿಸಿದರೂ ಹೊರಗಿನ ಕಾಲು ಕೆಳಗೇ ಅಂಟಿಕೊಂಡಿರುತ್ತದೆ. ರೀಸೆಟ್ ಆದಾಗ ಎಲ್ಲ ಲ್ಯಾಚ್‌ಗಳೂ 1 ಆಗುವುದರಿಂದ ಹೆಚ್ಚಿನವರಿಗೆ ಈ ಷರತ್ತು ಕಣ್ಣಿಗೆ ಬೀಳುವುದೇ ಇಲ್ಲ.

8051ರಲ್ಲಿ ಕೆಲಸ ಹಂಚುವ ಪ್ರತ್ಯೇಕ ರಿಜಿಸ್ಟರ್ ಇರಲಿಲ್ಲ. ಇಂದಿನ ಚಿಪ್‌ಗಳಲ್ಲಿ ಇದೆ. ಪಿಡಿ12ಕ್ಕೆ ಹಿಂತಿರುಗಿ, ಅದೇ ಹಸಿರು ದೀಪವನ್ನು ಎರಡು ಬಗೆಯಲ್ಲಿ ಬೆಳಗಿಸಿ ನೋಡಿದರೆ ಈ ಏರ್ಪಾಡು ಸ್ಪಷ್ಟವಾಗುತ್ತದೆ.

ಮೊದಲ ಬಗೆ ಎಲ್ಲರಿಗೂ ಗೊತ್ತಿರುವಂಥದು. ಚಿಪ್ ಎಚ್ಚರಗೊಂಡಾಗ ಪಿನ್‌ಗಳ ಗುಂಪುಗಳಿಗೆ ಕ್ಲಾಕ್ ಇರುವುದಿಲ್ಲ. ವಿದ್ಯುತ್ ಉಳಿಸಲೆಂದು ಅವು ನಿದ್ರೆಯಲ್ಲಿರುತ್ತವೆ. ಆದ್ದರಿಂದ ಮೊದಲು ಡಿ ಗುಂಪಿಗೆ ಕ್ಲಾಕ್ ಕೊಡಬೇಕು. ಇದನ್ನು ಮರೆತರೆ ಮುಂದೆ ಬರೆಯುವುದೆಲ್ಲ ವ್ಯರ್ಥ: ರಿಜಿಸ್ಟರ್‌ಗೆ ಬರೆದದ್ದು ಅಲ್ಲಿ ನಿಲ್ಲುವುದಿಲ್ಲ, ದೋಷವೆಂದು ಯಾರೂ ಹೇಳುವುದೂ ಇಲ್ಲ. ಆಮೇಲೆ ಬರುವುದು ಮೋಡರ್ ಎಂಬ ರಿಜಿಸ್ಟರ್. ಗುಂಪಿನ 16 ಕಾಲುಗಳಿಗೆ ತಲಾ ಎರಡು ಬಿಟ್: 00 ಎಂದರೆ ಒಳಬರುವ ಗೆರೆ, 01 ಎಂದರೆ ಹೊರಹೋಗುವ ಗೆರೆ, 10 ಎಂದರೆ ಪರ್ಯಾಯ ಕೆಲಸ, 11 ಎಂದರೆ ಅನಲಾಗ್. ಹನ್ನೆರಡನೇ ಕಾಲಿನ ಪಾಲಿಗೆ ಬರುವ 24 ಮತ್ತು 25ನೇ ಬಿಟ್‌ಗಳಲ್ಲಿ 01 ಬರೆದು, ಔಟ್‌ಪುಟ್ ರಿಜಿಸ್ಟರ್‌ನ ಹನ್ನೆರಡನೇ ಬಿಟ್‌ನಲ್ಲಿ 1 ಇಟ್ಟರೆ ದೀಪ ಹತ್ತುತ್ತದೆ. 0 ಇಟ್ಟರೆ ಆರುತ್ತದೆ. ದೀಪ ಅರ್ಧ ಬೆಳಕಿನಲ್ಲಿ ಉರಿಯಬೇಕೆಂದರೆ ಪ್ರೊಸೆಸರ್ ಬಿಡುವಿಲ್ಲದೆ ಹತ್ತಿಸಿ ಆರಿಸಿ ಮಾಡುತ್ತಲೇ ಇರಬೇಕು. ಸೆಕೆಂಡಿಗೆ 168 ದಶಲಕ್ಷ ಬಡಿತಗಳವರೆಗೆ ಓಡಬಲ್ಲ ಪ್ರೊಸೆಸರ್‌ಗೆ ಒಂದು ದೀಪ ಕಾಯುವ ಕೆಲಸ.

ಎರಡನೇ ಬಗೆಯಲ್ಲಿ ಪ್ರೊಸೆಸರ್ ದೂರ ಸರಿಯುತ್ತದೆ. ಪ್ರತಿ ಕಾಲಿನ ಹಿಂದೆಯೂ ಸಿಲಿಕಾನ್‌ನಲ್ಲಿ ಒಂದು ಆಯ್ಕೆಯ ಸ್ವಿಚ್ ಇದೆ, ಮಲ್ಟಿಪ್ಲೆಕ್ಸರ್. ಅದಕ್ಕೆ 16 ದಾರಿಗಳು, ಎಎಫ್0ಯಿಂದ ಎಎಫ್15ರವರೆಗೆ. ಒಂದು ದಾರಿ ಆರಿಸಲು ನಾಲ್ಕು ಬಿಟ್ ಬೇಕು. ಒಂದು ಗುಂಪಿನ 16 ಕಾಲುಗಳಿಗೆ 64 ಬಿಟ್ ಆಗುವುದರಿಂದ ಅವನ್ನು ಎರಡು ರಿಜಿಸ್ಟರ್‌ಗಳಲ್ಲಿ ಹಂಚಿದ್ದಾರೆ: 0ಯಿಂದ 7ರವರೆಗಿನ ಕಾಲುಗಳು ಕೆಳಗಿನದರಲ್ಲಿ, 8ರಿಂದ 15ರವರೆಗಿನವು ಮೇಲಿನದರಲ್ಲಿ. ದಾರಿಗಳ ಸಂಖ್ಯೆಗೂ ಒಂದು ಕ್ರಮವಿದೆ. ಎಎಫ್1 ಮತ್ತು ಎಎಫ್2 ಟೈಮರ್‌ಗಳ ಕಡೆಗೆ, ಎಎಫ್4 ಐ2ಸಿ ಕಡೆಗೆ, ಎಎಫ್5 ಎಸ್‌ಪಿಐ ಕಡೆಗೆ, ಎಎಫ್7 ಮೊದಲ ಮೂರು ಯುಸಾರ್ಟ್‌ಗಳ ಕಡೆಗೆ, ಎಎಫ್11 ಈಥರ್‌ನೆಟ್ ಕಡೆಗೆ ಒಯ್ಯುತ್ತವೆ. ಎಲ್ಲ ಕಾಲಿಗೂ ಎಲ್ಲ ದಾರಿ ತೆರೆದಿಲ್ಲ. ಯಾವ ಕಾಲಿಗೆ ಯಾವುದು ಎಂಬ ಉದ್ದನೆಯ ಕೋಷ್ಟಕ ಡೇಟಾಶೀಟ್‌ನಲ್ಲಿದೆ. ಈ ಚಿಪ್ ಬಳಸುವವರು ಅತಿ ಹೆಚ್ಚು ಸಲ ಮಗುಚಿ ನೋಡುವ ಪುಟಗಳು ಬಹುಶಃ ಅವೇ.

ಪಿಡಿ12ಕ್ಕೆ ಟೈಮರ್ 4 ಸಿಗುವುದು ಎಎಫ್2ರಲ್ಲಿ. ಮೇಲಿನ ರಿಜಿಸ್ಟರ್‌ನ 16ರಿಂದ 19ರವರೆಗಿನ ಬಿಟ್‌ಗಳಲ್ಲಿ 0010 ಬರೆಯಬೇಕು, ಆಮೇಲೆ ಮೋಡರ್‌ನಲ್ಲಿ 01ರ ಬದಲು 10. ಇನ್ನು ಟೈಮರ್‌ನ ಸರದಿ. ಎಚ್ಚರಗೊಂಡ ಹೊತ್ತಿನಲ್ಲಿ ಈ ಚಿಪ್ ಓಡುವುದು ತನ್ನೊಳಗಿನ 16 ಮೆಗಾಹರ್ಟ್ಸ್ ಆಂದೋಲಕದಿಂದ. ಅದನ್ನು 16ರಿಂದ ಭಾಗಿಸಿದರೆ ಸೆಕೆಂಡಿಗೆ ಹತ್ತು ಲಕ್ಷ ಎಣಿಕೆ. ಸಾವಿರ ಎಣಿಕೆಗೊಮ್ಮೆ ಮತ್ತೆ ಸೊನ್ನೆಯಿಂದ ಶುರುಮಾಡು ಎಂದರೆ ಸೆಕೆಂಡಿಗೆ ಸಾವಿರ ಸುತ್ತು. ಪ್ರತಿ ಸುತ್ತಿನ ಮೊದಲ 250 ಎಣಿಕೆಗಳಲ್ಲಿ ಮಾತ್ರ ಕಾಲನ್ನು ಮೇಲೆತ್ತು ಎಂದು ಹೋಲಿಕೆಯ ರಿಜಿಸ್ಟರ್‌ನಲ್ಲಿ ಬರೆದಿಟ್ಟರೆ ದೀಪಕ್ಕೆ ಕಾಲು ಭಾಗ ಹೊತ್ತು ಮಾತ್ರ ವಿದ್ಯುತ್ ಸಿಗುತ್ತದೆ. ಸೆಕೆಂಡಿಗೆ ಸಾವಿರ ಸಲ ಹತ್ತಿ ಆರುವುದನ್ನು ಕಣ್ಣು ಹಿಡಿಯಲಾರದು. ಅದಕ್ಕೆ ಕಾಣುವುದು ಮಂದವಾದ, ಅಲುಗದ ಬೆಳಕು. ಪ್ರೊಸೆಸರ್ ಈಗ ಬೇರೆ ಲೆಕ್ಕ ಮಾಡಬಹುದು, ಮಲಗಲೂಬಹುದು. ಬೋರ್ಡ್ ರೂಪಿಸಿದವರು ನಾಲ್ಕು ದೀಪಗಳನ್ನೂ ಯೋಚಿಸಿಯೇ ಜೋಡಿಸಿದಂತಿದೆ: ಪಿಡಿ12ರಿಂದ ಪಿಡಿ15ರವರೆಗಿನ ಕಾಲುಗಳು ಟೈಮರ್ 4ರ ನಾಲ್ಕು ಚಾನೆಲ್‌ಗಳೇ. ಒಂದೇ ಟೈಮರ್ ನಾಲ್ಕು ಬಣ್ಣಗಳ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಂಚಬಲ್ಲದು.

ಕಾಲು ಟೈಮರ್‌ನ ವಶಕ್ಕೆ ಹೋದ ಮೇಲೆ, ಹಳೆಯ ಅಭ್ಯಾಸದಿಂದ ಯಾರಾದರೂ ಔಟ್‌ಪುಟ್ ರಿಜಿಸ್ಟರ್‌ನಲ್ಲಿ 0 ಬರೆದು ದೀಪ ಆರಿಸಲು ಹೋದರೆ ಏನೂ ಆಗುವುದಿಲ್ಲ. ಬರೆದದ್ದು ರಿಜಿಸ್ಟರ್‌ನಲ್ಲಿ ಕೂತಿರುತ್ತದೆ, ಆದರೆ ಅಲ್ಲಿಂದ ಕಾಲಿಗೆ ಹೋಗುವ ದಾರಿ ಈಗ ಮುಚ್ಚಿದೆ. ಊರಿನ ಸರ್ಕಾರಿ ಶಾಲೆ ಚುನಾವಣೆಯ ದಿನ ಮತಗಟ್ಟೆಯಾದಾಗ ಕಟ್ಟಡವೂ ಅದೇ, ಬಾಗಿಲೂ ಅದೇ. ಆದರೆ ಅಂದು ಮೇಷ್ಟ್ರ ಗಂಟೆಗೆ ಅಲ್ಲಿ ಏನೂ ನಡೆಯುವುದಿಲ್ಲ. ಕಾಲಿನ ಮಟ್ಟ ಏನಿದೆ ಎಂದು ಓದಲು ಮಾತ್ರ ಅಡ್ಡಿಯಿಲ್ಲ. ಇನ್‌ಪುಟ್ ರಿಜಿಸ್ಟರ್ ಆಗಲೂ ತೆರೆದೇ ಇರುತ್ತದೆ, ದೋಷ ಹುಡುಕುವವರಿಗೆ ಅದು ದೊಡ್ಡ ಆಸರೆ.

ಪರ್ಯಾಯ ಕೆಲಸ ಆರಿಸಿದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುವುದು ಮೊದಲ ಸಲ ಈ ದಾರಿಗೆ ಬಂದವರ ಸಾಮಾನ್ಯ ಎಣಿಕೆ. ಆರಿಸಿದ್ದು ಯಾರು ಮಾತಾಡಬೇಕು ಎಂಬುದನ್ನು ಮಾತ್ರ. ಹೇಗೆ ಮಾತಾಡಬೇಕು ಎಂಬುದು ಬೇರೆ ರಿಜಿಸ್ಟರ್‌ಗಳಲ್ಲಿದೆ: ಕಾಲು ಎರಡೂ ಕಡೆಗೆ ಬಲವಾಗಿ ತಳ್ಳಬೇಕೋ ಅಥವಾ ಕೆಳಕ್ಕೆ ಮಾತ್ರ ಎಳೆದು ಮೇಲಕ್ಕೆ ಕೈಬಿಡಬೇಕೋ, ಒಳಗಿನ ಪುಲ್-ಅಪ್ ಬೇಕೋ ಬೇಡವೋ, ಸಂಕೇತದ ಏರಿಳಿತ ಎಷ್ಟು ಚುರುಕಾಗಿರಬೇಕು. ಐ2ಸಿ ಇದಕ್ಕೆ ಒಳ್ಳೆಯ ನಿದರ್ಶನ. ಎರಡೇ ಗೆರೆಗಳ ಮೇಲೆ ಹಲವು ಚಿಪ್‌ಗಳು ಕೂತು ಮಾತಾಡುವ ಈ ಪದ್ಧತಿಯಲ್ಲಿ ಯಾರೂ ಗೆರೆಯನ್ನು ಮೇಲಕ್ಕೆ ತಳ್ಳಬಾರದು. ಕೆಳಕ್ಕೆ ಎಳೆಯಬಹುದು, ಬಿಡಬಹುದು, ಅಷ್ಟೇ. ಮೇಲಕ್ಕೆತ್ತುವ ಕೆಲಸ ಒಂದು ಪುಲ್-ಅಪ್ ರೆಸಿಸ್ಟರ್‌ನದು. ಎಎಫ್4 ಸರಿಯಾಗಿ ಬರೆದು ಈ ಓಪನ್-ಡ್ರೈನ್ ಆಯ್ಕೆಯನ್ನು ಮರೆತರೆ ಒಂದು ಚಿಪ್ ಮೇಲಕ್ಕೆ ತಳ್ಳುವ ಹೊತ್ತಿಗೇ ಇನ್ನೊಂದು ಕೆಳಕ್ಕೆ ಎಳೆಯುತ್ತದೆ, ಉತ್ತರ ಬರುವುದು ನಿಲ್ಲುತ್ತದೆ. ಕೋಷ್ಟಕದ ಸಂಖ್ಯೆಯನ್ನು ಹತ್ತು ಸಲ ತಿರುಗಿಸಿ ನೋಡಿದರೂ ಅಲ್ಲಿ ತಪ್ಪು ಸಿಗುವುದಿಲ್ಲ, ಏಕೆಂದರೆ ತಪ್ಪು ಅಲ್ಲಿಲ್ಲ.

ಇಬ್ಬರು ಒಂದೇ ಗೆರೆಯನ್ನು ಎರಡು ಕಡೆಗೆ ಎಳೆಯಬಾರದು ಎಂಬ ಎಚ್ಚರವೇ ಚಿಪ್ ಏಳುವ ಕ್ರಮವನ್ನೂ ರೂಪಿಸಿದೆ. ರೀಸೆಟ್ ಆದ ಕ್ಷಣದಲ್ಲಿ ಬೋರ್ಡಿನ ಮೇಲೆ ಏನೇನು ಜೋಡಿಸಿದೆ ಎಂದು ಚಿಪ್‌ಗೆ ತಿಳಿಯದು. ಆದ್ದರಿಂದ ಎಲ್ಲ ಕಾಲುಗಳೂ ಏನನ್ನೂ ತಳ್ಳದ ಇನ್‌ಪುಟ್ ಸ್ಥಿತಿಯಲ್ಲಿ ಕಣ್ಣು ಬಿಡುತ್ತವೆ, ಐದು ಬಿಟ್ಟು. ಪಿಎ13, ಪಿಎ14, ಪಿಎ15, ಪಿಬಿ3, ಪಿಬಿ4 ಎಂಬ ಆ ಐದು ಹುಟ್ಟುತ್ತಲೇ ಪರ್ಯಾಯ ಕೆಲಸದಲ್ಲಿರುತ್ತವೆ. ಚಿಪ್‌ನ ಒಳಗೆ ಇಣುಕಿ ನೋಡುವ, ಹೊಸ ಪ್ರೋಗ್ರಾಂ ತುಂಬುವ ಡೀಬಗ್ ಉಪಕರಣಕ್ಕೆ ಅವೇ ಬಾಗಿಲು. ಅದಕ್ಕಾಗಿಯೇ ಎ ಗುಂಪಿನ ಮೋಡರ್ ರಿಜಿಸ್ಟರ್ ರೀಸೆಟ್ ಆದಾಗ ಸೊನ್ನೆಯಾಗಿರುವುದಿಲ್ಲ. ಹದಿನಾರರ ಮಾನದಲ್ಲಿ ಅದರ ಬೆಲೆ ಎ8000000.

ವಿಟಿಯು ಪಠ್ಯಕ್ರಮದ ಪ್ರಯೋಗಾಲಯಗಳಲ್ಲಿ ಎಲ್‌ಪಿಸಿ2148 ಎಂಬ ಎಆರ್‌ಎಂ7 ಚಿಪ್ ಬಳಸಿದವರಿಗೆ ಒಂದು ಸಾಲು ನೆನಪಿರುತ್ತದೆ: ಪಿನ್‌ಸೆಲ್0 ರಿಜಿಸ್ಟರ್‌ಗೆ 5 ಎಂದು ಬರೆ. ಅಲ್ಲಿಯೂ ಕಾಲಿಗೆ ಎರಡು ಬಿಟ್. 5ನ್ನು ದ್ವಿಮಾನದಲ್ಲಿ ಬರೆದರೆ 0101. ಅಂದರೆ ಮೊದಲ ಎರಡು ಕಾಲುಗಳಿಗೂ 01, ಎರಡೂ ಯುಆರ್ಟ್‌ನ ವಶ. ಸೀರಿಯಲ್ ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಈ ಸಾಲು ಬಂದೇ ಬರುತ್ತದೆ. ಅದರಲ್ಲಿ ಅಡಗಿರುವ ಇನ್ನೊಂದು ಪರಿಣಾಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಇಡೀ ರಿಜಿಸ್ಟರ್‌ಗೆ 5 ಎಂದು ಬರೆದಾಗ ಉಳಿದ 14 ಕಾಲುಗಳ ಜಾಗದಲ್ಲೆಲ್ಲ 00 ತುಂಬುತ್ತದೆ. ಪ್ರಯೋಗಾಲಯದಲ್ಲಿ ಅವುಗಳಿಗೆ ಬೇರೆ ಕೆಲಸವಿಲ್ಲದ್ದರಿಂದ ತೊಂದರೆಯಾಗುವುದಿಲ್ಲ. ಅದೇ ಅಭ್ಯಾಸವನ್ನು ಎಸ್‌ಟಿಎಂ32ಕ್ಕೆ ತಂದು, ಪಿಎ5ನ್ನು ಔಟ್‌ಪುಟ್ ಮಾಡಲು ಎ ಗುಂಪಿನ ಮೋಡರ್‌ಗೆ ನೇರವಾಗಿ ಹದಿನಾರರ ಮಾನದ 400 ಎಂದು ಬರೆದರೆ ಮೇಲಿನ ಎ8 ಅಳಿಸಿಹೋಗುತ್ತದೆ. ಪಿಎ13 ಮತ್ತು ಪಿಎ14 ಡೀಬಗ್ ಉಪಕರಣವನ್ನು ಬಿಟ್ಟು ಸಾಮಾನ್ಯ ಇನ್‌ಪುಟ್‌ಗಳಾಗುತ್ತವೆ. ಪಿಎ5ಕ್ಕೆ ಜೋಡಿಸಿದ ದೀಪವೇನೋ ಸರಿಯಾಗಿಯೇ ಹತ್ತುತ್ತದೆ. ಮುಂದಿನ ಪ್ರೋಗ್ರಾಂ ತುಂಬಲು ಹೋದಾಗ ಮಾತ್ರ ಕಂಪ್ಯೂಟರ್ ಪರದೆಯಲ್ಲಿ ಚಿಪ್ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಬೋರ್ಡ್ ಸುಟ್ಟುಹೋಯಿತೆಂದು ಎಷ್ಟೋ ಮಂದಿ ಗಾಬರಿಯಾಗುವುದು ಈ ಹಂತದಲ್ಲೇ.

ಸುಟ್ಟಿರುವುದಿಲ್ಲ. ರೀಸೆಟ್ ಗೆರೆಯನ್ನು ಕೆಳಗೆ ಹಿಡಿದಿಟ್ಟುಕೊಂಡೇ ಸಂಪರ್ಕಿಸು ಎಂಬ ಆಯ್ಕೆ ಡೀಬಗ್ ಉಪಕರಣದ ತಂತ್ರಾಂಶದಲ್ಲಿರುತ್ತದೆ. ರೀಸೆಟ್‌ನಲ್ಲಿರುವಾಗ ಐದೂ ಕಾಲುಗಳು ಹುಟ್ಟಿನ ಕೆಲಸಕ್ಕೆ ಮರಳಿರುತ್ತವೆ; ತಪ್ಪು ಸಾಲು ಓಡುವ ಮೊದಲೇ ಪ್ರೊಸೆಸರ್ ಅನ್ನು ನಿಲ್ಲಿಸಿ ಹೊಸ ಪ್ರೋಗ್ರಾಂ ತುಂಬಬಹುದು. ಬೂಟ್0 ಎಂಬ ಕಾಲನ್ನು ಮೇಲೆ ಹಿಡಿದು ರೀಸೆಟ್ ಮಾಡಿದರೂ ಆಗುತ್ತದೆ, ಆಗ ಕಾರ್ಖಾನೆಯಲ್ಲೇ ತುಂಬಿಟ್ಟ ಬೂಟ್‌ಲೋಡರ್ ಓಡುತ್ತದೆ. ಇಂಥ ಅನಾಹುತಕ್ಕೆ ನಿಜವಾದ ಮದ್ದು ಓದಿ, ತಿದ್ದಿ, ಬರೆಯುವ ಶಿಸ್ತು: ಬೇಕಾದ ಎರಡು ಬಿಟ್‌ಗಳನ್ನು ಮಾತ್ರ ಅಳಿಸಿ ಹೊಸ ಬೆಲೆ ಸೇರಿಸಿ, ಉಳಿದ 30 ಬಿಟ್‌ಗಳನ್ನು ಇದ್ದಂತೆಯೇ ಹಿಂದಿರುಗಿಸುವುದು.

ಆರ್ಡುವಿನೋ ಊನೋ ಬೋರ್ಡಿನ ಎಟಿಮೆಗಾ328ಪಿ ಇದನ್ನೆಲ್ಲ ಬೇರೆ ರೀತಿಯಲ್ಲಿ ನಡೆಸುತ್ತದೆ. ಅಲ್ಲಿ ಆಯ್ಕೆಯ ಕೋಷ್ಟಕವಿಲ್ಲ, ಘಟಕಗಳ ಕಾಲುಗಳು ನಿಗದಿಯಾಗಿವೆ. ಸೀರಿಯಲ್ ಕಳಿಸುವ ಘಟಕವನ್ನು ಚಾಲೂ ಮಾಡಿದೊಡನೆ ಡಿಜಿಟಲ್ 1 ಎಂಬ ಕಾಲು ಅದರ ವಶವಾಗುತ್ತದೆ, ಬೇರೆ ಕಾಲು ಕೊಡು ಎಂದರೆ ಇಲ್ಲ. ಅದೇ ಗೆರೆ ಯುಎಸ್‌ಬಿ ಚಿಪ್‌ಗೂ ಹೋಗಿರುವುದರಿಂದ 0 ಮತ್ತು 1ನೇ ಕಾಲುಗಳಿಗೆ ಬೇರೇನನ್ನಾದರೂ ಜೋಡಿಸಿದವರು ಪ್ರೋಗ್ರಾಂ ತುಂಬುವಾಗ ಕಷ್ಟಪಡುತ್ತಾರೆ. 13ನೇ ಕಾಲಿನಲ್ಲಿ ಬೋರ್ಡಿನ ದೀಪವಿದೆ, ಎಸ್‌ಪಿಐನ ಕ್ಲಾಕ್ ಕೂಡ ಅಲ್ಲೇ. ಎಸ್‌ಡಿ ಕಾರ್ಡ್ ಓದುತ್ತಲೇ ಆ ದೀಪವನ್ನು ಬೇಕಾದಂತೆ ಮಿನುಗಿಸಲು ಬರುವುದಿಲ್ಲ. ಎಟಿಟೈನಿ85ರಲ್ಲಿ ಬರ ಇನ್ನೂ ತೀವ್ರ. ಒಟ್ಟು ಎಂಟು ಕಾಲು. ಎರಡು ವಿದ್ಯುತ್ತಿಗೆ ಹೋದರೆ ಆರು, ಅದರಲ್ಲೊಂದು ರೀಸೆಟ್. ಫ್ಯೂಸ್ ಬಿಟ್ ಒಂದನ್ನು ಬದಲಿಸಿ ಆ ರೀಸೆಟ್ ಕಾಲನ್ನೂ ದುಡಿಸಬಹುದು, ಆದರೆ ಆಮೇಲೆ ಸಾಮಾನ್ಯ ಪ್ರೋಗ್ರಾಮರ್‌ಗೆ ಚಿಪ್ ಸಿಗದು. ಮತ್ತೆ ಒಳಗೆ ಹೋಗಬೇಕಾದರೆ ಅದೇ ಕಾಲಿಗೆ 12 ವೋಲ್ಟ್ ಕೊಡಬಲ್ಲ ವಿಶೇಷ ಉಪಕರಣ ಬೇಕು.

ಕಾಲಿನ ಕೆಲಸ ಬದಲಾದದ್ದು ಸಾವಿರಾರು ಜನರ ಗಮನಕ್ಕೆ ಒಟ್ಟಿಗೇ ಬಂದದ್ದು 2016ರ ಫೆಬ್ರವರಿ 29ರಂದು ಬಿಡುಗಡೆಯಾದ ರಾಸ್ಪ್‌ಬೆರಿ ಪೈ 3ರಿಂದ. ಪೈನ 40 ಕಾಲಿನ ಸಾಲಿನಲ್ಲಿ ಎಂಟನೆಯದು ಮತ್ತು ಹತ್ತನೆಯದು ಸೀರಿಯಲ್ ಗೆರೆಗಳು. ಚಿಪ್‌ನ ಲೆಕ್ಕದಲ್ಲಿ ಅವು ಜಿಪಿಐಒ 14 ಮತ್ತು 15. ಪರದೆ ಜೋಡಿಸದೆ ಪೈ ಜೊತೆ ಮಾತಾಡಲು, ಜಿಪಿಎಸ್ ಮಾಡ್ಯೂಲ್ ಜೋಡಿಸಲು ಎಲ್ಲರೂ ಅವನ್ನೇ ಬಳಸುತ್ತಿದ್ದರು. ಹಿಂದಿನ ಪೈಗಳಲ್ಲಿ ಈ ಕಾಲುಗಳು ಆಲ್ಟ್0 ಎಂಬ ಆಯ್ಕೆಯಲ್ಲಿದ್ದವು. ಅದರ ಹಿಂದೆ ಇದ್ದದ್ದು ಪಿಎಲ್011, ತನ್ನದೇ ಕ್ಲಾಕ್ ಇರುವ ಪೂರ್ಣ ಪ್ರಮಾಣದ ಯುಆರ್ಟ್. ಪೈ 3ಕ್ಕೆ ಬೋರ್ಡಿನ ಮೇಲೆಯೇ ಬ್ಲೂಟೂತ್ ಬಂತು. ಬ್ಲೂಟೂತ್ ಚಿಪ್‌ಗೆ ವೇಗದ, ನಂಬಬಹುದಾದ ಸೀರಿಯಲ್ ಸಂಪರ್ಕ ಬೇಕಿತ್ತು. ಹಾಗಾಗಿ ಪಿಎಲ್011 ಹೊರಗೆ ಕಾಣದ ಜಿಪಿಐಒ 32 ಮತ್ತು 33ಕ್ಕೆ ಹೋಯಿತು. 14 ಮತ್ತು 15ಕ್ಕೆ ಆಲ್ಟ್5ರ ಮೂಲಕ ಮಿನಿ ಯುಆರ್ಟ್ ಎಂಬ ಸರಳ ಘಟಕ ಬಂದು ಕೂತಿತು.

ಮಿನಿ ಯುಆರ್ಟ್‌ಗೆ ಸ್ವಂತ ಕ್ಲಾಕ್ ಇಲ್ಲ. ಅಕ್ಷರ ಕಳಿಸುವ ವೇಗವನ್ನು ಅದು ಚಿಪ್‌ನ ಕೋರ್ ಕ್ಲಾಕ್‌ನಿಂದ ಭಾಗಿಸಿ ಪಡೆಯುತ್ತದೆ. ಆ ಕೋರ್ ಕ್ಲಾಕ್ ಸ್ಥಿರವಲ್ಲ. ಕೆಲಸದ ಹೊರೆ ಹೆಚ್ಚಿದಾಗ 250ರಿಂದ 400 ಮೆಗಾಹರ್ಟ್ಸ್‌ಗೆ ಏರುತ್ತದೆ, ಬಿಡುವಾದಾಗ ಇಳಿಯುತ್ತದೆ. ಹೊರೆ ಏರಿದೊಡನೆ ಸೀರಿಯಲ್ ವೇಗವೂ ಏರಿ, ಆ ತುದಿಯಲ್ಲಿ ಓದುತ್ತಿರುವವರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣಿಸತೊಡಗುತ್ತವೆ. ಹಳೆಯ ಪೈನಲ್ಲಿ ವರ್ಷಗಟ್ಟಲೆ ನಡೆದ ಪ್ರೋಗ್ರಾಂ, ಅದೇ ತಂತಿ, ಅದೇ ಕಾಲು. ಹೊಸ ಬೋರ್ಡಿನಲ್ಲಿ ಕಸ. ಪರಿಹಾರ ಎರಡು ಬಗೆಯದು. ಸಂರಚನಾ ಕಡತದಲ್ಲಿ ಯುಆರ್ಟ್ ಚಾಲೂ ಮಾಡುವ ಒಂದು ಸಾಲು ಸೇರಿಸಿದರೆ ಕೋರ್ ಕ್ಲಾಕ್ 250ಕ್ಕೆ ಕಟ್ಟುಬೀಳುತ್ತದೆ. ಬ್ಲೂಟೂತ್ ಬೇಡವೆನ್ನುವವರು ಅದನ್ನು ನಿಷ್ಕ್ರಿಯಗೊಳಿಸುವ ಓವರ್‌ಲೇ ಹಾಕಿಕೊಂಡು ಪಿಎಲ್011ನ್ನು 14 ಮತ್ತು 15ಕ್ಕೆ ಮರಳಿ ಕರೆತರಬಹುದು. ಒಳಗೆ ಆಗುವುದು ಇಷ್ಟೇ: ಪೈ 3ರ ಬ್ರಾಡ್‌ಕಾಂ ಚಿಪ್‌ನಲ್ಲಿ ಪ್ರತಿ ಕಾಲಿಗೂ ಮೂರು ಬಿಟ್ ಇದೆ, ಆ ಮೂರು ಬಿಟ್‌ಗಳು 010ರಿಂದ 100ಕ್ಕೆ ಬದಲಾಗುತ್ತವೆ.

ಬೋರ್ಡ್ ರೂಪಿಸಿದವರ ಆಯ್ಕೆಗಳೂ ಕೋಷ್ಟಕದ ಜೊತೆ ತಿಕ್ಕಾಡುತ್ತವೆ. ಡಿಸ್ಕವರಿಯಲ್ಲಿ ಯುಸಾರ್ಟ್ 1 ಬೇಕೆಂದು ಕೋಷ್ಟಕ ನೋಡಿದರೆ ಕಳಿಸುವ ಗೆರೆಗೆ ಪಿಎ9 ಸಿಗುತ್ತದೆ. ಆದರೆ ಈ ಬೋರ್ಡಿನಲ್ಲಿ ಪಿಎ9 ಯುಎಸ್‌ಬಿ ಸಾಕೆಟ್‌ನ ವಿದ್ಯುತ್ ಗೆರೆಗೆ ಹೋಗಿದೆ, ಆ ಗೆರೆಯ ಮೇಲೊಂದು ಕೆಪಾಸಿಟರ್ ಕೂತಿದೆ. ಚುರುಕಾಗಿ ಏರಿಳಿಯಬೇಕಾದ ಸೀರಿಯಲ್ ಸಂಕೇತ ಅದರಲ್ಲಿ ಕರಗಿಹೋಗುತ್ತದೆ. ಅದೇ ಗೆರೆಯನ್ನು ಪಿಬಿ6ಕ್ಕೆ ತರಬಹುದು, ಆದರೆ ಬೋರ್ಡಿನ ಆಡಿಯೋ ಚಿಪ್‌ನ ಐ2ಸಿ ಕ್ಲಾಕ್ ಅಲ್ಲಿದೆ. ಕೊನೆಗೆ ಹೆಚ್ಚಿನವರು ಯುಸಾರ್ಟ್ 1ನ್ನೇ ಬಿಟ್ಟು ಪಿಎ2, ಪಿಎ3ರಲ್ಲಿರುವ ಯುಸಾರ್ಟ್ 2ಕ್ಕೆ ಬರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ಯಾವುದೇ ಬೋರ್ಡ್ ತಂದರೂ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳುವುದು ಒಳ್ಳೆಯದು: ಚಿಪ್‌ನ ಡೇಟಾಶೀಟ್ ಒಂದು, ಬೋರ್ಡಿನ ಸರ್ಕ್ಯೂಟ್ ನಕ್ಷೆ ಇನ್ನೊಂದು. ಒಂದು ಏನೇನು ಸಾಧ್ಯ ಎಂದು ಹೇಳುತ್ತದೆ, ಇನ್ನೊಂದು ಅದರಲ್ಲಿ ಏನು ಉಳಿದಿದೆ ಎಂದು. ಎಸ್‌ಟಿ ಕಂಪನಿಯೇ ಕೊಡುವ ಕ್ಯೂಬ್‌ಎಂಎಕ್ಸ್ ತಂತ್ರಾಂಶ ಚಿಪ್‌ನ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಒಂದು ಕಾಲನ್ನು ಇಬ್ಬರು ಕೇಳಿದರೆ ಅಲ್ಲೇ ಎಚ್ಚರಿಸುತ್ತದೆ. ಲಿನಕ್ಸ್ ಓಡುವ ಬೋರ್ಡ್‌ಗಳಲ್ಲಿ ಈ ಕಾವಲು ಕರ್ನೆಲ್‌ನೊಳಗೇ ಇದೆ. ಲೈನಸ್ ವಾಲೇ 2011ರ ಸುಮಾರಿಗೆ ಕಟ್ಟಿದ ಪಿನ್‌ಕಂಟ್ರೋಲ್ ಎಂಬ ಉಪವ್ಯವಸ್ಥೆ ಯಾವ ಕಾಲು ಯಾವ ಡ್ರೈವರ್‌ನ ವಶದಲ್ಲಿದೆ ಎಂಬ ಲೆಕ್ಕ ಇಡುತ್ತದೆ; ಎರಡನೆಯವರು ಬಂದು ಕೇಳಿದರೆ ಕೊಡುವುದಿಲ್ಲ.

2016ರ ಇಎಸ್‌ಪಿ32 ಕೋಷ್ಟಕದ ಹಂಗನ್ನೇ ಬಹುಪಾಲು ಕಡಿದುಹಾಕಿತು. ಅದರಲ್ಲಿ ಜಿಪಿಐಒ ಮ್ಯಾಟ್ರಿಕ್ಸ್ ಎಂಬ ಜಾಲವಿದೆ. ಒಳಗಿನ ಬಹುತೇಕ ಯಾವ ಸಂಕೇತವನ್ನಾದರೂ ಬಹುತೇಕ ಯಾವ ಕಾಲಿಗಾದರೂ ಒಯ್ಯಬಹುದು. ಈ ಸ್ವಾತಂತ್ರ್ಯಕ್ಕೆ ಬೆಲೆಯಿದೆ. ನಿಗದಿತ ಕಾಲುಗಳ ನೇರ ದಾರಿಯಲ್ಲಿ 80 ಮೆಗಾಹರ್ಟ್ಸ್‌ವರೆಗೆ ಓಡುವ ಎಸ್‌ಪಿಐ, ಮ್ಯಾಟ್ರಿಕ್ಸ್ ಸುತ್ತಿ ಹೋದರೆ 40ರ ಆಚೆ ಹೋಗದು. 34ರಿಂದ 39ರವರೆಗಿನ ಕಾಲುಗಳು ಕೇಳಬಲ್ಲವು, ಹೇಳಲಾರವು. 6ರಿಂದ 11ರವರೆಗಿನವು ಪ್ರೋಗ್ರಾಂ ಕೂತಿರುವ ಫ್ಲ್ಯಾಶ್ ಮೆಮೊರಿಗೆ ಹೋಗಿವೆ, ಅವನ್ನು ಮುಟ್ಟಿದರೆ ಪ್ರೋಗ್ರಾಂ ತನ್ನ ನೆಲೆಯನ್ನೇ ಕಳೆದುಕೊಳ್ಳುತ್ತದೆ.

12ನೇ ಕಾಲಿನದು ಎಲ್ಲಕ್ಕಿಂತ ಸೂಕ್ಷ್ಮ. ವಿದ್ಯುತ್ ಬಂದ ಕ್ಷಣದಲ್ಲಿ ಇಎಸ್‌ಪಿ32 ಆ ಕಾಲಿನ ಮಟ್ಟವನ್ನು ಓದಿ, ಫ್ಲ್ಯಾಶ್ ಮೆಮೊರಿಗೆ ಎಷ್ಟು ವೋಲ್ಟ್ ಕೊಡಬೇಕೆಂದು ತೀರ್ಮಾನಿಸುತ್ತದೆ: ಕೆಳಗಿದ್ದರೆ 3.3, ಮೇಲಿದ್ದರೆ 1.8. ಸಾಮಾನ್ಯ ಬೋರ್ಡ್‌ಗಳ ಫ್ಲ್ಯಾಶ್‌ಗೆ 3.3 ಬೇಕು. ಒಳಗಿನ ಪುಲ್-ಡೌನ್ ಕಾಲನ್ನು ಕೆಳಗೇ ಹಿಡಿದಿರುವುದರಿಂದ ಸುಮ್ಮನೆ ಬಿಟ್ಟರೆ ತೊಂದರೆಯಿಲ್ಲ. ಆದರೆ ಎಸ್‌ಡಿ ಕಾರ್ಡನ್ನು ಈ ಚಿಪ್‌ಗೆ ನಾಲ್ಕು ದತ್ತಾಂಶ ಗೆರೆಗಳಲ್ಲಿ ಜೋಡಿಸುವಾಗ ಅದರಲ್ಲೊಂದು ಗೆರೆ ಇದೇ ಕಾಲಿಗೆ ಬರುತ್ತದೆ, ಮತ್ತು ಎಸ್‌ಡಿ ಕಾರ್ಡಿನ ನಿಯಮದಂತೆ ಆ ಗೆರೆಯನ್ನು ಪುಲ್-ಅಪ್ ರೆಸಿಸ್ಟರ್‌ನಿಂದ ಮೇಲಕ್ಕೆ ಹಿಡಿದಿರಬೇಕು. ಪ್ರೋಗ್ರಾಂ ಓಡುತ್ತಿರುವಾಗ ಕಾರ್ಡ್ ಜೋಡಿಸಿದರೆ ಎಲ್ಲ ಸರಿ. ಒಮ್ಮೆ ಆರಿಸಿ ಹತ್ತಿಸಿದೊಡನೆ ಫ್ಲ್ಯಾಶ್‌ಗೆ 1.8 ವೋಲ್ಟ್ ಹೋಗುತ್ತದೆ, ಬೋರ್ಡ್ ಏಳುವುದೇ ಇಲ್ಲ. ಕಾಲಿನ ಕೆಲಸವನ್ನು ಪ್ರೋಗ್ರಾಂನಲ್ಲಿ ಎಷ್ಟೇ ಸರಿಯಾಗಿ ಬರೆದಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಪ್ರೋಗ್ರಾಂನ ಮೊದಲ ಸಾಲಿಗೂ ಮೊದಲೇ ಆ ಕಾಲನ್ನು ಓದಿಯಾಗಿರುತ್ತದೆ.

ಇದಕ್ಕೆ ತಯಾರಕರಾದ ಎಸ್ಪ್ರೆಸಿಫ್ ಕೊಟ್ಟಿರುವ ಪರಿಹಾರ ಚಿಪ್‌ನೊಳಗಿನ ಇಫ್ಯೂಸ್‌ಗಳು. ಅವರದೇ ಉಪಕರಣದಿಂದ ಒಂದು ಆದೇಶ ಕೊಟ್ಟರೆ ಫ್ಲ್ಯಾಶ್‌ನ ವೋಲ್ಟೇಜ್ 3.3 ಎಂದು ಶಾಶ್ವತವಾಗಿ ಬರೆದಾಗುತ್ತದೆ. ಆಮೇಲೆ ಬೂಟ್ ಹೊತ್ತಿನಲ್ಲಿ 12ನೇ ಕಾಲು ಮೇಲಿದೆಯೋ ಕೆಳಗಿದೆಯೋ ಎಂದು ವೋಲ್ಟೇಜ್‌ಗಾಗಿ ಚಿಪ್ ನೋಡುವುದಿಲ್ಲ, ಎಸ್‌ಡಿ ಕಾರ್ಡ್ ಅಲ್ಲಿ ನಿಶ್ಚಿಂತೆಯಿಂದ ಇರಬಹುದು. ಇಫ್ಯೂಸ್‌ನ ಬಿಟ್ ಒಮ್ಮೆ 0ಯಿಂದ 1 ಆದರೆ ಮತ್ತೆ 0 ಆಗುವುದಿಲ್ಲ. ಆದ್ದರಿಂದ ಉಪಕರಣ ಆ ಆದೇಶವನ್ನು ನಡೆಸುವ ಮೊದಲು, ಒಪ್ಪಿಗೆಯ ಪದವೊಂದನ್ನು ಅಕ್ಷರ ಬಿಡದೆ ಟೈಪ್ ಮಾಡುವಂತೆ ಕೇಳುತ್ತದೆ.